ಗುಡಿಸುತ್ತಲೇ ಹೇಳಿಕೊಟ್ಟ ನಲವತ್ತು ಶಬ್ದ

ಆ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಒಂದು ಊರಲ್ಲೊಬ್ಬ ಪೇಂಟರ್ ಇದ್ದ, ಫಕ್ಕೀರಪ್ಪ. ಇಂಗ್ಲಿಷ್ ಅಕ್ಷರಗಳನ್ನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ. ಆದರೆ ನೋಡಿ, ಅಕ್ಷರಗಳ ಹೆಸರು ಬಿಟ್ಟರೆ ಇಂಗ್ಲಿಷ್ ಬಾರದು! ಚೀಟಿ ನೋಡಿ ಗೋಡೆಗೆ ಇಳಿಸುವುದಷ್ಟೇ ಅವನ ಕಸುಬು.

ಮಕ್ಕಳು ಪದೇ ಪದೇ ತಪ್ಪು ಬರೆಯುವ ನಲವತ್ತು ಇಂಗ್ಲಿಷ್ ಶಬ್ದಗಳನ್ನು ಶಾಲೆಯ ಒಳಗೋಡೆಗೆ ಬರೆಯಲು ಹೆಡ್‌ಮಾಸ್ತರರು ಅವನಿಗೆ ಚೀಟಿ ಕೊಟ್ಟಿದ್ದರು.

"ಒಂದ್ ಅಕ್ಷರ ತಪ್ಪಿದ್ರೂ ನಿನಗ ಇನ್ನ ಸಾಲಿ ಕೆಲಸ ಇಲ್ಲ ನೋಡಪಾ" ಎಂದು ತಾಲ್ಲೂಕಿನ ಸಭೆಗೆ ಹೋದರು. ಇವನು ಬಣ್ಣದ ಡಬ್ಬಿ ಇಳಿಸಿ ಜೇಬಿಗೆ ಕೈ ಹಾಕುತ್ತಾನೆ, ಚೀಟಿ ತೊಯ್ದು ಮುದ್ದೆ! ಈಗೇನು ಮಾಡಬೇಕು, ಹೇಳಿ?

ಶಾಲೆಯ ಕಸ ಗುಡಿಸುತ್ತಿದ್ದ ನೀಲವ್ವ ಕೇಳಿದಳು: "ಯಾಕೋ ತಮ್ಮಾ, ಮಾರಿ ಸಣ್ಣ ಮಾಡೀ?"

"ಚೀಟಿ ಹಾಳಾತಬೇ ಯಕ್ಕಾ. ಹುಡುಗ್ರು ತಪ್ಪು ಬರಿಯೂ ನಲವತ್ತು ಶಬ್ದ ಅದರಾಗ ಇದ್ದೂ."

"ಅಷ್ಟ ಏನ? ನಾ ಹೇಳ್ತೀನಿ, ಬರಕೋ."

"ಹೆಬ್ಬೆಟ್ಟು ಒತ್ತಾಕಿ, ನೀ ಏನ್ ಹೇಳ್ತೀ?"

"ಹೆಬ್ಬೆಟ್ಟು ಒತ್ತಾಕಿ ಖರೆ, ಕಿವುಡಿ ಅಲ್ಲೋ! ಹನ್ನೆರಡು ವರ್ಷ ಆತು, ಮಾಸ್ತರು ಹುಡುಗ್ರ ಕಡೆ ದಿನಾ ಆ ನಲವತ್ತೂ ಒದರಸೂದು ಕೇಳಿ. ಹಿಡಿ ಬ್ರಶ್. ಬಿ, ಇ, ಎ, ಯು..."

ಗುಡಿಸುತ್ತ ಗುಡಿಸುತ್ತ, ಭಜನೆ ಹೇಳಿದಂತೆ ನಲವತ್ತೂ ಹೇಳಿದಳು. ಅವಳಿಗೆ ಅಕ್ಷರದ ಆಕಾರ ಗೊತ್ತಿಲ್ಲ, ಇವನಿಗೆ ಅಕ್ಷರದ ಸಾಲು ಗೊತ್ತಿಲ್ಲ. ಭಗವಂತ ಯಾರಲ್ಲಿ ಏನಿಟ್ಟಿರುತ್ತಾನೋ, ನೋಡಿ!

ಸಂಜೆ ಹೆಡ್‌ಮಾಸ್ತರರು ಬಂದು ಒಂದೊಂದೇ ಓದಿದರು. ಒಂದೂ ತಪ್ಪಿಲ್ಲ. "ಭಪ್ಪರೆ! ಇಷ್ಟೆಲ್ಲಾ ಯಾವಾಗ ಕಲ್ತ್ಯೋ?"

"ಹಿಂಗ... ಕಲ್ತೀನ್ರೀ" ಎಂದ ಫಕ್ಕೀರಪ್ಪ. ಪೇಂಟರುಗಳ ಪದ್ಧತಿಯಂತೆ ಕೆಳಮೂಲೆಯಲ್ಲಿ ತನ್ನ ಹೆಸರು ಬರೆದ. ಅಲ್ಲೇ ಇದ್ದು ಎಲ್ಲ ಕೇಳಿದ ನೀಲವ್ವ ಕಸದ ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ತಾಯಂದಿರೇ, ಹಿರಿಯರೇ, ಅವನನ್ನು ಬೈಯಬೇಡಿ. ನಾವೇನು ಬೇರೆಯೇ? ನಿಮಗೆ ಮೊದಲ ರೊಟ್ಟಿ ತಟ್ಟಲು ಕಲಿಸಿದವರು ಯಾರು? ನಿಮ್ಮ ಸೈಕಲ್ ಹಿಂದೆ ಏದುಸಿರು ಬಿಡುತ್ತ ಓಡಿದವರು ಯಾರು? ನಮ್ಮದು ಎನ್ನುವ ವಿದ್ಯೆಯೆಲ್ಲ ಯಾರೋ ಪುಣ್ಯಾತ್ಮರು ಕೊಟ್ಟದ್ದು. ಇಂದು ಮನೆಗೆ ಹೋಗುವ ಮುಂಚೆ ಅಂಥ ಒಬ್ಬರ ಬಾಗಿಲಿಗೆ ಹೋಗಿ. 'ನೀವು ಕಲಿಸಿದ್ದಿರಿ' ಎನ್ನಿ. ಒಳಗೊಳಗೇ ಅಲ್ಲ, ನಾಲ್ಕು ಜನ ಕೇಳುವ ಹಾಗೆ ಎನ್ನಿ.

ಫಕ್ಕೀರಪ್ಪನಿಗೆ ಆ ರಾತ್ರಿ ಊಟ ಸೇರಲಿಲ್ಲ. ಬೆಳಗಾದ ಕೂಡಲೇ ಬಂದು ತನ್ನ ಹೆಸರಿನ ಮೇಲೆ ಸುಣ್ಣ ಬಳಿದ. ಅದು ಆರಿದ ಮೇಲೆ, ಅದೇ ಜಾಗದಲ್ಲಿ 'ನೀಲವ್ವ' ಎಂದು ಬರೆದ.

ಹೆಡ್‌ಮಾಸ್ತರರು ಬಂದು ನಿಂತರು. "ಇದೇನೋ?"

"ಕಲಿಸಿದಾಕಿ ಈಕಿರೀ" ಎಂದ, ತಲೆ ತಗ್ಗಿಸಿ. "ನಾ ಬರದಾಂವ ಅಷ್ಟ."