ಗಾಡಿ ಎಣಿಸುವ ಕೇಬಲ್ಲು

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರ ಬಾಯಲ್ಲಿ ದೇವರ ಹೆಸರಿತ್ತು, ಕಿವಿ ಮಾತ್ರ ಪಕ್ಕದಲ್ಲಿದ್ದ ಅಕ್ಕತಮ್ಮಂದಿರ ಕಡೆಗಿತ್ತು. ತಮ್ಮನದು ಪಂಕ್ಚರ್ ಅಂಗಡಿ. ಅಂಗಡಿಯಿದ್ದ ರಸ್ತೆಗೆ ನಗರಸಭೆಯವರು ಆರು ತಿಂಗಳ ಪ್ರಯೋಗವೆಂದು ಹೂಕುಂಡಗಳನ್ನು ಅಡ್ಡವಿಟ್ಟು ವಾಹನ ಸಂಚಾರ ನಿಲ್ಲಿಸಿದ್ದರು.

“ಗಾಡಿನೇ ಬರದಿದ್ರೆ ಯಾವುದಕ್ಕೆ ಪಂಕ್ಚರ್ ಹಾಕ್ಲಿ ಅಕ್ಕಾ? ಹೂಕುಂಡಕ್ಕಾ?”

“ಅಷ್ಟೊಂದು ರಸ್ತೆ ಇರೋವಾಗ ನಿಮ್ದೇ ಯಾಕೋ ಮುಚ್ಚಿದ್ರು?”

“ಗಾಡಿ ಎಣಿಸೋಕೆ ರಸ್ತೆಗಳಿಗೆ ಅಡ್ಡ ಕೇಬಲ್ ಹಾಸಿದ್ರಲ್ಲ, ನಮ್ ರಸ್ತೆ ಲೆಕ್ಕವೇ ಜಾಸ್ತಿ ಬಂತಂತೆ.”

“ನಿಮ್ಮ ಗಲ್ಲೀಲಿ ಅಷ್ಟು ಗಾಡಿ ಎಲ್ಲಿಂದ ಬಂತು?”

ತಮ್ಮ ತಲೆ ಕೆರೆದುಕೊಂಡ. “ಓಡಾಟ ಜಾಸ್ತಿ ಅಂತ ಕಂಡ್ರೆ ಮುಚ್ಚೋಕೆ ಹೆದರ್ತಾರೆ ಅಂದ್ಕೊಂಡು, ಬೆಳಗ್ಗಿಂದ ಸಂಜೆತನಕ ಅದರ ಮೇಲೆ ನಾನೇ ಸ್ಕೂಟರ್ ಓಡಿಸ್ದೆ. ಅವರು ನೋಡಿದ್ರೆ, ಗಾಡಿ ಕಾಟ ಜಾಸ್ತಿ ಇರೋ ರಸ್ತೆನೇ ಮೊದಲು ಮುಚ್ಚೋಣ ಅಂದ್ರು.”

“ಅಬ್ಬಾ ಜಾಣ! ನಿನ್ನ ಅಂಗಡಿಗೆ ನೀನೇ ಬೀಗ ಜಡಿದುಕೊಂಡ್ಯಲ್ಲೋ. ಆ ಬುದ್ಧೀನ ಗಾಜಿನ ಪೆಟ್ಟಿಗೇಲಿಟ್ಟು ಊರಿಗೆಲ್ಲ ತೋರಿಸ್ಬೇಕು.”

“ನಗ್ಬೇಡ. ಸೋಮವಾರ ಪಕ್ಕದ ರಸ್ತೇಲಿ ಕೇಬಲ್ ಹಾಸ್ತಾರೆ. ನಮ್ಮ ರಸ್ತೆ ಗಾಡಿಗಳೆಲ್ಲ ಅಲ್ಲಿ ನುಗ್ತಿವೆ ಅಂತ ಕಂಡ್ರೆ ಹೂಕುಂಡ ತೆಗೀತಾರೆ. ನಿನ್ನ ಸ್ಕೂಟರ್ ಒಂದಿನ ಕೊಡು.”

“ಪಕ್ಕದ ರಸ್ತೆ ಅಂದ್ರೆ ನನ್ನ ಮನೆ ಮುಂದೆ ಕಣೋ!”

“ಅದಕ್ಕೇ ನಿನ್ನ ಗಾಡಿ ಕೇಳಿದ್ದು. ಯಾರಿಗೂ ಅನುಮಾನ ಬರಲ್ಲ.”

“ನಿನ್ನ ರಸ್ತೆ ಮುಚ್ಚಿಸಿದ್ದು ಸಾಲದಾಯ್ತು, ಈಗ ನನ್ದೂ ಮುಚ್ಚಿಸ್ತೀಯಾ?”

ಅಷ್ಟರಲ್ಲಿ ನರ್ಸ್ ಅಕ್ಕನ ನಂಬರು ಕೂಗಿದರು. ಮುದುಕರು ಕಾಲು ಮಡಚಿ ದಾರಿ ಬಿಟ್ಟರು. ಅಕ್ಕ ಚೀಲದೊಳಗಿಂದ ಸ್ಕೂಟರಿನ ಕೀ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಚೀಲವನ್ನಷ್ಟೇ ತಮ್ಮನ ಕೈಗೆ ಕೊಟ್ಟು ಒಳಗೆ ನಡೆದಳು.