ಪಂಕ್ತಿಯಲ್ಲಿ ಆಡಿದ ಮಾತು, ಕಾರಿನಲ್ಲಿ ಹೇಳಿದ ಸಾರಿ

ಈಗ ಒಂದು ಫೋನ್ ಬಡ್ಕೊಂಡಿತು, ಕೇಳಿದಿರಲ್ಲ? ಅಣ್ಣನವರು ಜೇಬು ತಡಕಾಡಿ ಅದರ ಬಾಯಿ ಮುಚ್ಚಿಸಿ, ‘ಸಾರಿ ಸ್ವಾಮೀಜಿ’ ಅಂದ್ರು. ಇರಲಿ, ಕೂತ್ಕೊಳ್ಳಿ. ನಾನು ಹೇಳಬೇಕು ಅಂತ ಬಂದ ವಿಷಯ ಬೇರೆ ಇತ್ತು. ಅದು ನಾಳೆಗಿರಲಿ. ಇವತ್ತು ಈ ಸಾರಿಯನ್ನೇ ಸ್ವಲ್ಪ ನೋಡೋಣ.

ಇಂಗ್ಲಿಷ್ ಬಾರದ ನಮ್ಮಜ್ಜಿಯರಿಗೂ ಬರೋ ಪದ ಇದು. ಅರ್ಥ ಏನು? ನಿಘಂಟು ತೆಗೆದರೆ ವಿಷಾದ, ದುಃಖ, ಪಶ್ಚಾತ್ತಾಪ ಅಂತ ಬರೆದಿರುತ್ತೆ. ಬಳಕೆ ಏನು? ಬಸ್ಸಲ್ಲಿ ಕಾಲು ತುಳಿದರೆ ಸಾರಿ. ತಡವಾಗಿ ಬಂದರೆ ಸಾರಿ. ಚಿಲ್ಲರೆ ಇಲ್ಲದಿದ್ದರೂ ಸಾರಿ. ಯಾಕೆ, ಕನ್ನಡದಲ್ಲಿ ಪದ ಇಲ್ವೇ? ಬೇಕಾದಷ್ಟಿದೆ. ಆದರೆ ನೋಡಿ, ‘ನನ್ನಿಂದ ತಪ್ಪಾಯ್ತು’ ಅನ್ನೋಕೆ ಹೋದರೆ ಗಂಟಲು ಕಟ್ಟುತ್ತೆ. ಸಾರಿ ಅನ್ನೋಕೆ ಕಟ್ಟೋದೇ ಇಲ್ಲ!

ಒಂದು ಊರು. ಊರು ಅಂದ ಮೇಲೆ ಒಬ್ಬ ಶ್ರೀಮಂತ ಬೇಕಲ್ಲ, ಅಲ್ಲೂ ಒಬ್ಬ ಇದ್ದ. ಕೆಟ್ಟವನೇನಲ್ಲ. ಬಾಯಿ ಮಾತ್ರ ಮುಂದು. ಮೊದಲು ಅಂದುಬಿಡೋನು, ಆಮೇಲೆ ಸಾರಿ ಅನ್ನೋನು. ಹೊಸ ಮನೆ ಕಟ್ಟಿದ, ಗೃಹಪ್ರವೇಶ ಇಟ್ಟುಕೊಂಡ. ಅಡುಗೆಗೆ ಒಬ್ಬ ಮುದುಕನನ್ನು ಕರೆಸಿದ. ಸುತ್ತ ಹತ್ತೂರಿನ ಮದುವೆಗೆ ಅವನದೇ ಕೈರುಚಿ. ಅವನ ಅನ್ನಕ್ಕೆ ಅದೊಂದೇ ದಾರಿ.

ಎರಡನೇ ಪಂಕ್ತಿ ಕೂತಿತ್ತು. ಇನ್ನೂರು ಎಲೆ. ಅನ್ನ ಬಿತ್ತು, ತೊವ್ವೆ ಬಿತ್ತು, ಎಲ್ಲರೂ ತುಪ್ಪಕ್ಕೆ ಕಾಯ್ತಿದ್ದಾರೆ. ತುಪ್ಪ ಬರಲಿಲ್ಲ. ತುಪ್ಪ ಬೀಳದೆ ಯಾರು ತುತ್ತು ಕಲಸ್ತಾರೆ? ಇನ್ನೂರು ಕೈ ಎಲೆಯ ಪಕ್ಕದಲ್ಲೇ ಕೂತಿವೆ. ‘ಸಾವಕಾಶ ಊಟ ಮಾಡಿ’ ಅಂತ ಉಪಚಾರ ಹೇಳ್ಕೊಂಡು ಓಡಾಡ್ತಿದ್ದ ಶ್ರೀಮಂತನ ಮುಖ ಕೆಂಪಾಯ್ತು. ಅಡುಗೆಯವನನ್ನು ಪಂಕ್ತಿಯ ನಡುವೆ ಕರೆದು ನಿಲ್ಲಿಸಿದ.

“ಎರಡು ಡಬ್ಬ ತುಪ್ಪ ತರಿಸಿದ್ದೆ. ಇನ್ನೊಂದು ಎಲ್ಲಯ್ಯಾ? ನಿನ್ನ ಮನೆ ಸೇರ್ತಾ?”

“ನನ್ನ ಕೈಗೆ ಬಂದಿದ್ದು ಒಂದೇ ಡಬ್ಬ, ಯಜಮಾನ್ರೇ.”

“ನಲವತ್ತು ವರ್ಷದಿಂದ ಹೀಗೇ ಹೊಟ್ಟೆ ಹೊರ್ಕೊಂಡು ಬಂದಿದೀಯಾ? ಹೋಗು ಒಳಗೆ.”

ಅಡುಗೆಯವನು ಒಳಗೆ ಹೋದ. ಉಳಿದ ಪಂಕ್ತಿಗಳಿಗೆಲ್ಲ ಬಡಿಸಿದ. ತಾನು ಒಂದು ತುತ್ತೂ ಉಣ್ಣದೆ ಮನೆಗೆ ಹೋದ. ಅವನಿಗೆ ಹಸಿವಿರಲಿಲ್ಲ ಅಂತೀರಾ?

ನಾಲ್ಕನೇ ದಿನ ದೇವರಕೋಣೆ ಗುಡಿಸುವಾಗ, ಒಣಗಿದ ಬಾಳೆಕಂದಿನ ಹಿಂದೆ ಡಬ್ಬ ಸಿಕ್ಕಿತು. ಹೋಮಕ್ಕೆ ಬೇಕಾಗಬಹುದು ಅಂತ ಮನೆಯವರೇ ತೆಗೆದಿಟ್ಟು ಮರೆತಿದ್ದರು. ಮುಚ್ಚಳ ಸಹ ತೆರೆದಿರಲಿಲ್ಲ.

ಶ್ರೀಮಂತ ಏನು ಮಾಡಿದ? ತಕ್ಷಣ ಫೋನಿನಲ್ಲಿ ‘ಸಾರಿ’ ಅಂತ ಕಳಿಸಿದ. ಜೊತೆಗೆ ಕೈಮುಗಿಯೋ ಚಿತ್ರ, ಒಂದಲ್ಲ, ಮೂರು. ಅಷ್ಟು ಹೊತ್ತಿಗೆ ಅಡುಗೆಯವನಿಗೆ ಮೂರು ಮದುವೆ ಮನೆಯವರು ‘ಈ ಸಲ ನೀವು ಬೇಡ’ ಅಂತ ಹೇಳಿ ಕಳಿಸಿದ್ದರು. ಉತ್ತರ ಬರಲಿಲ್ಲ ಅಂತ ಶ್ರೀಮಂತ ಶಾಲು, ಹಣ್ಣು ಹಿಡಿದು ತಾನೇ ಹೋದ. ಅವನನ್ನು ಕಾರಿನೊಳಗೆ ಕೂರಿಸಿಕೊಂಡು ಗಾಜು ಏರಿಸಿದ.

“ಸಾರಿ ಕಣಯ್ಯಾ. ತುಪ್ಪ ಸಿಕ್ತು.”

“ಅವತ್ತು ನನ್ನನ್ನ ಎಲ್ಲಿ ನಿಲ್ಲಿಸಿ ಅಂದ್ರಿ, ಯಜಮಾನ್ರೇ?”

“ಪಂಕ್ತಿಯಲ್ಲಿ. ಅದಕ್ಕೇ ಈಗ ಮನೆ ಬಾಗಿಲಿಗೇ ಬಂದು ಸಾರಿ ಹೇಳ್ತಿದೀನಲ್ಲ. ಇನ್ನೇನು ಬೇಕು?”

ಅಡುಗೆಯವನು ಶಾಲನ್ನು ಸೀಟಿನ ಮೇಲೇ ಇಟ್ಟು ಇಳಿದು ಹೋದ.

ಶ್ರೀಮಂತನಿಗೆ ಸಿಟ್ಟು. ಸಾರಿ ಅನ್ನೋದು ಇವನಿಗೆ ಸಾಲಲಿಲ್ಲ, ಇನ್ನೂ ತೂಕದ ಪದ ಬೇಕು ಅಂದುಕೊಂಡ. ಪಕ್ಕದ ಬೀದಿಯ ಕನ್ನಡ ಮೇಷ್ಟ್ರ ಹತ್ತಿರ ಹೋದ. “ಮೇಷ್ಟ್ರೇ, ತುಪ್ಪ ನಮ್ಮನೇಲೇ ಸಿಕ್ತು. ಆ ಅಡುಗೆಯವನಿಗೊಂದು ಪತ್ರ ಬರೀಬೇಕು. ಸಾರಿಗೆ ಸಮಾನಾರ್ಥಕ ಪದ ಏನೇನಿದೆ ಹೇಳಿ.”

“ವಿಷಾದಿಸುತ್ತೇನೆ ಅನ್ನಬಹುದು. ಕ್ಷಮೆಯಿರಲಿ, ಮನ್ನಿಸಿ, ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ. ಯಾವುದು ಬೇಕು?”

“ಯಾವುದು ಜೋರು?”

ಮೇಷ್ಟ್ರು ಪೆನ್ನು ಕೆಳಗಿಟ್ಟರು. “ಸಾಹುಕಾರ್ರೇ, ಅವತ್ತು ಆ ಪಂಕ್ತಿಯಲ್ಲಿ ನಾನೂ ಕೂತಿದ್ದೆ. ನನ್ನ ಮಗಳ ಮದುವೆಗೆ ಅವರನ್ನೇ ಗೊತ್ತು ಮಾಡಿದ್ದೆ. ನಿಮ್ಮ ಮಾತು ಕೇಳಿ ಬೇಡ ಅಂದವರಲ್ಲಿ ನಾನೂ ಒಬ್ಬ. ತಾನು ಕದ್ದಿಲ್ಲ ಅಂತ ಅವರಿಗೆ ಮೊದಲೇ ಗೊತ್ತು. ಗೊತ್ತಿಲ್ಲದೇ ಇರೋದು ನಮಗೆ. ಪತ್ರ ಅವರಿಗೆ ಯಾಕೆ ಬರೀತೀರಿ?”

ಈ ಮಾತು ನಿಮಗೂ ಸ್ವಲ್ಪ ತಾಗಲಿ, ಅದಕ್ಕೇ ಇನ್ನೊಂದು ಸಲ ಹೇಳ್ತೀನಿ. ತಾನು ಕದ್ದಿಲ್ಲ ಅಂತ ಅವರಿಗೆ ಗೊತ್ತು. ಗೊತ್ತಿಲ್ಲದೇ ಇರೋದು ಕೇಳಿಸಿಕೊಂಡವರಿಗೆ.

ಮೇಷ್ಟ್ರು ಮಾರನೇ ದಿನವೇ ಹೋಗಿ ಅಡುಗೆಯವನಿಗೆ ವೀಳ್ಯ ಕೊಟ್ಟು, ಮದುವೆಗೆ ಕರೆದು ಬಂದರು. ಮದುವೆಯ ದಿನ ಅದೇ ಊರಿನ ಅದೇ ಜನ ಎಲೆ ಮುಂದೆ ಕೂತರು. ಅನ್ನ ಬಿತ್ತು, ತೊವ್ವೆ ಬಿತ್ತು. ತುಪ್ಪ ಇನ್ನೇನು ಬರಬೇಕು, ಶ್ರೀಮಂತ ಎದ್ದು ನಿಂತ. ಎಲೆ ಮುಂದಿಂದ ಒಬ್ಬ ಎದ್ದರೆ ಪಂಕ್ತಿಯೆಲ್ಲ ತಿರುಗಿ ನೋಡುತ್ತೆ. ಅವನು ಬಾಗಿಲಲ್ಲಿದ್ದ ಅಡುಗೆಯವನ ಕಡೆ ಕೈ ತೋರಿಸಿದ.

“ನಮ್ಮ ಮನೆ ತುಪ್ಪ ನಮ್ಮ ದೇವರಕೋಣೆಯಲ್ಲೇ ಇತ್ತು. ಇವರು ಒಂದು ಚಮಚವನ್ನೂ ಮುಟ್ಟಿರಲಿಲ್ಲ. ವಿಚಾರಿಸದೆ ನಿಮ್ಮೆಲ್ಲರ ಮುಂದೆ ಇವರನ್ನ ಕಳ್ಳ ಅಂದವನು ನಾನು.”

ಅಷ್ಟೇ. ಹುಡುಕಿ ನೋಡಿ, ಆ ಮಾತಿನಲ್ಲಿ ಸಾರಿ ಅನ್ನೋ ಪದವೇ ಇಲ್ಲ.

ಅಡುಗೆಯವನು ತುಪ್ಪದ ಪಾತ್ರೆ ತಾನೇ ಹಿಡಿದು ಬಂದ. “ಕೂತ್ಕೊಳ್ಳಿ ಯಜಮಾನ್ರೇ, ಅನ್ನ ಆರುತ್ತೆ,” ಅಂದ. ಎಲ್ಲರಿಗೆ ಹಾಕಿದಷ್ಟೇ ಅವನ ಎಲೆಗೂ ಹಾಕಿದ. ಬೇಡ ಅಂದಿದ್ದ ಮೂರು ಮನೆಗಳಲ್ಲಿ ಮೇಷ್ಟ್ರ ಮನೆ ಆಗಲೇ ಕರೆದಿತ್ತು, ಇನ್ನೊಂದು ಈಗ ಕರೆಯಿತು. ಮೂರನೆಯದು ಕರೆಯಲೇ ಇಲ್ಲ. ಬಿಟ್ಟ ಮಾತು ಎಲ್ಲ ಕಿವಿಯಿಂದಲೂ ವಾಪಸ್ ಬರೋದಿಲ್ಲ, ನೋಡಿ.

ಈಗ ನಿಮ್ಮ ಕಡೆ ಬರೋಣ. ಶ್ರೀಮಂತನ ಕಥೆ ಅಂತ ಆರಾಮಾಗಿ ಕೇಳ್ತಿದ್ದಿರಿ, ಅಲ್ವೇ? ನೆಂಟರ ಮುಂದೆ ಸೊಸೆಯನ್ನ ಅಂತೀರಿ, ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಸಾರಿ. ಆಫೀಸಿನವರೆಲ್ಲರ ಮುಂದೆ ಕೈಕೆಳಗಿನವರನ್ನ ಬೈತೀರಿ, ಕೋಣೆಗೆ ಕರೆದು ಸಾರಿ. ಫೋನಿನ ಗುಂಪಿನಲ್ಲಿ ನೂರು ಜನಕ್ಕೆ ಕಾಣೋ ಹಾಗೆ ಬರೀತೀರಿ, ಆಮೇಲೆ ಒಬ್ಬರಿಗೇ ಗುಟ್ಟಾಗಿ ಸಾರಿ. ಬೈಗುಳಕ್ಕೆ ಪಂಕ್ತಿ ಬೇಕು, ಸಾರಿಗೆ ಗಾಜು ಏರಿಸಿದ ಕಾರು ಬೇಕು! ನಾನು ಆ ಪದ ಬಿಡಿ ಅಂತ ಹೇಳ್ತಿಲ್ಲ. ಕಾಲು ತುಳಿದರೆ ಧಾರಾಳವಾಗಿ ಹೇಳಿ. ಅಣ್ಣಾ, ನಿಮ್ಮ ಫೋನಿಗೂ ಅದು ಸಾಕು.

ಆದರೆ ನನಗೆ ಸಾಲದು. ಹೋದ ಸೋಮವಾರ ಪ್ರವಚನದ ಮಧ್ಯೆ ಮೈಕ್ ಕಿರುಚಿಕೊಂಡಿತಲ್ಲ, ನೆನಪಿದೆಯಾ? ‘ಕೆಲಸಕ್ಕೆ ಬಾರದವರನ್ನೆಲ್ಲ ಎಲ್ಲಿಂದ ಕರೀತೀರಿ’ ಅಂತ ಇದೇ ಪೀಠದಿಂದ ಅಂದೆ. ನೀವೆಲ್ಲ ನಕ್ಕಿರಿ. ಆಮೇಲೆ ನೋಡಿದರೆ ವೈರ್ ಎಳೆದಿದ್ದು ನನ್ನದೇ ಕಾಲು. ಮೈಕಿನ ರೇವಣ್ಣನವರನ್ನು ಒಳಗೆ ಕರೆದು, ಸಾರಿ ಅಂದು, ಕೈಯಲ್ಲಿ ಎರಡು ಬಾಳೆಹಣ್ಣು ಇಟ್ಟೆ. ಅವರು ತಲೆ ಬಗ್ಗಿಸಿ ತಗೊಂಡು ಹೋದರು.

ರೇವಣ್ಣನವರೇ, ಸ್ವಲ್ಪ ಎದ್ದು ನಿಲ್ಲಿ. ಎಲ್ಲರಿಗೂ ಕಾಣಲಿ. ಮೈಕನ್ನ ಇವರು ಸರಿಯಾಗೇ ಕಟ್ಟಿದ್ದರು. ನೋಡದೆ ಎಡವಿದ್ದು ನಾನು. ವಿಚಾರಿಸದೆ ನಿಮ್ಮ ಮುಂದೆ ಅಂದವನೂ ನಾನೇ.

ಹೇಳೋಕೆ ಕಷ್ಟ ಆಯ್ತು. ನಿಮಗೂ ಆಗುತ್ತೆ. ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ: ಯಾರನ್ನ, ಯಾರ ಮುಂದೆ ಅಂದಿದ್ದಿರೋ ನೆನಪು ಮಾಡಿಕೊಳ್ಳಿ. ಅವರೆಲ್ಲ ಇರುವಲ್ಲಿಗೇ ಹೋಗಿ ಹೇಳಿ.