ಸತ್ತವನ ದನಿ

ಪುಣೆಯ ಸ್ವಾರಗೇಟಿನಲ್ಲಿ ಹಡಪಸರದ ಬಸ್ಸಿಗೆ ಕಾಯುತ್ತಿದ್ದ ತ್ರಿವೇಣಿಯ ಕಿವಿಗೆ ಸಾಲಿನಲ್ಲಿ ಮುಂದಿದ್ದ ಇಬ್ಬರು ತರುಣರ ಕನ್ನಡ ಬಿತ್ತು. ಒಬ್ಬನ ಬೆನ್ನಿಗೆ ಗಿಟಾರಿತ್ತು. ಇನ್ನೊಬ್ಬ ಅವನನ್ನು ಕೇಳಿದ:

"ನಿಮ್ಮ ರಾಕ್ ಬ್ಯಾಂಡಿನ ಹೊಸಾ ಕ್ಯಾಸೆಟ್ ಕೇಳಿದೆ. ವಿನೋದ ಸಾಯೂಕಿಂತ ಮೊದಲ ಎಲ್ಲಾ ಹಾಡಿ ಮುಗಿಸಿದ್ದನೇನು?"

"ಎಲ್ಲಿ! ಅರ್ಧಾ ಅಷ್ಟ. ಉಳಿದದ್ದು ನಾನ ಅವನಂಗ ದನಿ ತಗದು ಹಾಡೀನಿ."

"ಕವರಿನ ಮ್ಯಾಲ ಅವನ ಹೆಸರೊಂದ ಅದಲ್ಲೋ?"

"ಸತ್ತವನ ಕಡೇ ಹಾಡು ಅಂದ್ರನ ಮಂದಿ ಕೇಳ್ತಾರ."

"ಅವರವ್ವ ನಾಗವ್ವಗ ಗೊತ್ತಾಗಲಿಲ್ಲೇನು?"

"ಇಲ್ಲ. ಒಂದು ಹಾಡಿನ್ಯಾಗ 'ಅವ್ವಾ' ಅಂತ ಕೂಗೀನಲ್ಲ, ಅದನ್ನ ತಿರುಗಿ ತಿರುಗಿ ಹಚ್ಚಿ ಟೇಪರೆಕಾರ್ಡರಿಗೆ ಮುದ್ದು ಕೊಡ್ತಾಳ. ನನಗ ನಗಿ ತಡೀಲಿಲ್ಲ."

"ಖರೇ ಹೇಳಬೇಕಿತ್ತು."

"ಹುಚ್ಚೇನು ನಿನಗ? ಅವನ ಹೆಸರಲೇ ಎರಡನೇ ಕ್ಯಾಸೆಟ್ ಮಾಡಾಕತ್ತೀವಿ."

ಬಸ್ಸು ಬಂತು. ಇಬ್ಬರೂ ಹತ್ತಿದರು. ಕಂಡಕ್ಟರ್ ಕೂಗಿದರೂ ತ್ರಿವೇಣಿ ಆ ಬಸ್ಸು ಹತ್ತಲಿಲ್ಲ.